ಹಿತ್ತಲದ ಕಸ

ವಾಟ್ನಿ ಕಾಗದ ಬರೆಯುವ ದಿನ ತಿಕೋಟಾದ ಅಮರಪ್ಪನ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಆಸ್ತಿ ಹಂಚಿಕೊಳ್ಳುವ ದಿನ ಯಾರಾದರೂ ಹೂರಣ ರುಬ್ಬುತ್ತಾರೆಯೇ ಎಂದು ಓಣಿಯವರು ನಕ್ಕರು. ಆದರೆ ಅಮರಪ್ಪನ ಹೆಂಡತಿ ಗುರುಬಸವ್ವನ ವಿಚಾರವೇ ಬೇರೆ. ಬಾಯಿ ಸಿಹಿಯಾಗಿದ್ದರೆ ಮಾತು ಕಹಿಯಾಗುವುದಿಲ್ಲ ಎಂದು ಆಕೆ ನಂಬಿದ್ದಳು. ಮೊದಲ ಹೋಳಿಗೆ ಮುಗಿಯುವುದರೊಳಗೆ ಆ ನಂಬಿಕೆ ಮಣ್ಣುಪಾಲಾಯಿತು.

ಜಗಳದ ಮೂಲ ಬಬಲೇಶ್ವರ ರಸ್ತೆಯ ಬದಿಗಿದ್ದ ಎರಡೆಕರೆ ಮಡ್ಡಿ. ಮೇಲೆ ಒಂದು ಗೇಣು ಬೂದಿಬಣ್ಣದ ಮಣ್ಣು, ಕೆಳಗೆ ಬರೀ ಗರಸು. ಹಾರೆ ಹಾಕಿದರೆ ಠಣ್ಣೆಂದು ಸಿಡಿದು ಕೈ ಜುಮ್ಮೆನ್ನಿಸುವ ನೆಲ. ಮಗ ಮುತ್ತು ಅದನ್ನು ಗರಸು ಅಗೆದು ಸಾಗಿಸುವ ಗುತ್ತಿಗೆದಾರನೊಬ್ಬನಿಗೆ ಮಾರಲು ಹೊರಟಿದ್ದ. ಮಾರಬೇಕಾದರೆ ಅಕ್ಕ ಶೈಲಾಳ ಸಹಿ ಬೇಕಿತ್ತು. ಶೈಲಾ ಗಂಡನ ಮನೆ ಸಾಕೆಂದು ಒಂಬತ್ತು ವರ್ಷಗಳ ಹಿಂದೆ ತವರಿಗೆ ಬಂದವಳು. ಬಂದ ಮರುದಿನದಿಂದಲೇ ಕೊಟ್ಟಿಗೆಯ ಕೆಲಸ ಅವಳ ತಲೆಗೆ ಬಿತ್ತು. ಅಷ್ಟು ವರ್ಷ ಸೊಲ್ಲೆತ್ತದೆ ಸೆಗಣಿ ಬುಟ್ಟಿ ಹೊತ್ತವಳು, ಸಹಿ ಕೇಳಿದ ದಿನ ಸೊಲ್ಲೆತ್ತಿದಳು.

“ಸಹಿ ಬೇಕಂದ್ರ ಪಾಲೂ ಬೇಕು.”

ಅಮರಪ್ಪ ಮೂರು ದಿನ ಯೋಚಿಸಿ, ದ್ರಾಕ್ಷಿ ತೋಟದ ನಾಲ್ಕೆಕರೆ ಎರೆಭೂಮಿ ಮಗನಿಗೆ, ಮಡ್ಡಿ ಮಗಳಿಗೆ ಎಂದ. ಇದು ನ್ಯಾಯವೋ ಅನ್ಯಾಯವೋ ಎಂದು ಕೇಳಿದರೆ ಆ ಮನೆಯಲ್ಲಿ ಯಾರೂ ಉತ್ತರ ಕೊಡುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಸುಮ್ಮನಿದ್ದರು. ಶೈಲಾ ಮಾತ್ರ “ಆಗಲಿ, ಬರೀರಿ” ಎಂದಳು.

ಕಾಗದ ಬರೆಯಲು ಕೂತಾಗ ಮುತ್ತುವಿಗೆ ಅಷ್ಟೂ ಸಹಿಸಲಾಗಲಿಲ್ಲ. “ಒಂದ ಮಾತು ಸೇರಸ್ರಿ. ಬರೂ ಎಳ್ಳ ಅಮಾಸಿಗಿ ಮಡ್ಡ್ಯಾಗ ಪೀಕು ನಿಂತಿರಬೇಕು. ಬೀಳು ಬಿದ್ದಿತ್ತಂದ್ರ ಮಡ್ಡಿ ನನಗ ತಿರುಗಿ ಬರಬೇಕು” ಎಂದ.

“ಸೇರಸ್ರಿ” ಎಂದಳು ಶೈಲಾ.

ಕಾಗದ ಬರೆಯಲು ಬಂದಿದ್ದ ಮುದುಕನಿಗೆ ಕಿವಿ ಸ್ವಲ್ಪ ಮಂದ, ತಮಾಷೆಯಂತೂ ಪೂರಾ ಮಂದ. “ಮತ್ತ ಮಗಳಿಗಿ ಏನರ ಕೊಡೂದೈತೇನ್ರಿ?” ಎಂದು ಪೆನ್ನೆತ್ತಿ ಕೇಳಿದ.

ಮುತ್ತು ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತ ನಕ್ಕ. “ಹಿತ್ತಲದಾಗಿನ ಕಸಾನೂ ಅಕಿಗೇ ಬರದಬಿಡ್ರಿ. ಒಂಬತ್ತ ವರ್ಷದಿಂದ ಕೂಡಿಟ್ಟಾಳ, ಪಾಪ.”

ಅವನ ಹೆಂಡತಿ ರಾಜೇಶ್ವರಿ ಸೆರಗು ಬಾಯಿಗಿಟ್ಟು ನಕ್ಕಳು. ಮುದುಕ ನಗಲಿಲ್ಲ. ‘ಮನೆಯ ಹಿತ್ತಲದಲ್ಲಿರುವ ಸಮಸ್ತ ಕಸವು ಶೈಲಾ ಇವರಿಗೆ ಸೇರತಕ್ಕದ್ದು’ ಎಂದು ದುಂಡಗೆ ಬರೆದು, ಓದಿ ಹೇಳಿ, ಎಲ್ಲರಿಂದಲೂ ಸಹಿ ಹಾಕಿಸಿಕೊಂಡ. ಸಹಿ ಹಾಕುವಾಗ ಮುತ್ತುವಿನ ನಗು ಇನ್ನೂ ನಿಂತಿರಲಿಲ್ಲ.

ಆ ಕಸವೇನು ಸಾಮಾನ್ಯವಾಗಿರಲಿಲ್ಲ. ಮೂರು ಎಮ್ಮೆ, ಎರಡು ಆಕಳು, ಒಂದು ಜೋಡಿ ಎತ್ತಿನ ಸೆಗಣಿ, ಒಲೆಯ ಬೂದಿ, ಕಣದ ಹೊಟ್ಟು, ಉಳಿದ ಮೇವು, ಕಾಯಿಪಲ್ಲೆಯ ಸಿಪ್ಪೆ ಎಲ್ಲ ಸೇರಿ ಹಿತ್ತಲದ ಗೋಡೆಗಿಂತ ಎತ್ತರ ಬೆಳೆದ ತಿಪ್ಪೆ ಅದು. ಮೊದಲಾದರೆ ಪ್ರತಿ ಬೇಸಿಗೆಗೆ ಅದು ಹೊಲಕ್ಕೆ ಹೋಗುತ್ತಿತ್ತು. ಮುತ್ತು ಯಜಮಾನನಾದ ಮೇಲೆ ವಿಜಯಪುರದ ಜೋರಾಪುರ ಪೇಟೆಯಿಂದ ಚೀಲದ ಗೊಬ್ಬರ ಬರತೊಡಗಿತು. ತಿಪ್ಪೆ ಹೇರುವುದು ಅವನಿಗೆ ನಾಚಿಕೆಯ ಕೆಲಸವಾಯಿತು.

ಮರುದಿನ ಬೆಳಿಗ್ಗೆಯೇ ಶೈಲಾ ತಿಪ್ಪೆಗೆ ಸಲಿಕೆ ಹಾಕಿದಳು. ಮಡ್ಡಿಯ ಪಕ್ಕದ ಹೊಲದ ಪೀರಾಂಬಿ ತನ್ನ ಬಂಡಿ ಕೊಟ್ಟಳು. ಅರವತ್ತು ದಾಟಿದ ಪೀರಾಂಬಿಗೆ ಇಪ್ಪತ್ತು ಮೇಕೆ, ಒಂದೂವರೆ ಎಕರೆ ಮಡ್ಡಿ, ಬಾಯಿ ಮಾತ್ರ ಹತ್ತೆಕರೆಯಷ್ಟು. ಅದಕ್ಕೆ ಮನೆಯ ಎತ್ತು ಹೂಡಿಕೊಂಡು ಶೈಲಾ ದಿನಕ್ಕೆ ಮೂರು ಬಂಡಿ ಹೇರಿದಳು.

ಮನೆಯಲ್ಲಿ ಒಲೆಯ ಮುಂದೆ ಬೇರೆಯೇ ಬೆಂಕಿ ಹೊತ್ತಿತು.

“ನೀ ಹೊಲದ ಸಾಹುಕಾರ್ತಿ ಆಗಿ ಅಡ್ಡ್ಯಾಡಿದ್ರ, ಎಮ್ಮಿ ಹಿಂಡಾಕಿ ನಾನೇನ? ಮೂವತ್ತ ರೊಟ್ಟಿ ಬಡ್ಯಾಕಿ ನಾನೇನ?” ರಾಜೇಶ್ವರಿ ಹಿಟ್ಟಿನ ಕೈಯನ್ನೇ ತೋರಿಸಿ ಕೇಳಿದಳು.

“ಎಮ್ಮಿ ನಾ ಹಿಂಡೇ ಹೋಗೇನಿ. ಸೆಗಣಿನೂ ಬಳದೇನಿ. ರೊಟ್ಟಿ ಒಂದ ಉಳದೈತಿ.”

“ಒಂದ ಅಂತ ಒಂದ! ಬಡದ ನೋಡು, ಗೊತ್ತಾಗತೈತಿ.”

ಗುರುಬಸವ್ವ ಮೊಣಕಾಲು ಹಿಡಿದುಕೊಂಡು ಎದ್ದು ಬಂದು ಒಲೆಯ ಮುಂದೆ ಕುಳಿತಳು. “ಸರೀರಿ ಇಬ್ಬರೂ. ಇನ್ನ ಕೈ ಸತ್ತಿಲ್ಲ ನಂದು” ಎಂದು ಹಿಟ್ಟಿಗೆ ಕೈ ಹಾಕಿದಳು. ಅತ್ತೆ ಒಲೆ ಮುಂದೆ ಕೂತಿದ್ದು ನೋಡಿ ರಾಜೇಶ್ವರಿಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಇನ್ನೂ ಸಿಟ್ಟು ಬಂತು.

ರೋಹಿಣಿ ಮಳೆಗೆ ಶೈಲಾ ಸಜ್ಜೆ ಬಿತ್ತಿದಳು. ಹತ್ತು ದಿನಕ್ಕೆ ಮಡ್ಡಿ ಹಸಿರಾಯಿತು. ಅವಳ ಹೆಜ್ಜೆಯೇ ಬದಲಾಯಿತು. ಊಟಕ್ಕೆ ಕೂತಾಗ ಎರಡು ರೊಟ್ಟಿ ಹೆಚ್ಚು ತಿಂದಳು. ಇಪ್ಪತ್ತನೆಯ ದಿನ ಸಸಿಗಳು ಹಳದಿಗೆ ತಿರುಗಿದವು. ಎಳೆದರೆ ಬೇರೇ ಇಲ್ಲದೆ ಕೈಗೆ ಬಂದವು. ಬುಡದಲ್ಲೆಲ್ಲ ಗೆದ್ದಲು.

ಸುದ್ದಿ ಅವಳಿಗಿಂತ ಮೊದಲು ಮನೆ ಮುಟ್ಟಿತ್ತು. ಸಂಜೆ ಊಟಕ್ಕೆ ಕೂತಾಗ ಮುತ್ತು ನಂಜಿಕೊಳ್ಳಲು ಉಳ್ಳಾಗಡ್ಡಿ ಗುದ್ದಿಕೊಳ್ಳುತ್ತ ಶುರು ಮಾಡಿದ. “ಯಪ್ಪಾ, ನಿನ್ನ ಮಗಳು ಊರ ಗೆದ್ದಲಕ್ಕೆಲ್ಲಾ ಬೀಗರ ಊಟಾ ಹಾಕ್ಯಾಳ.”

“ನೆಲದಾಗ ಏನೋ ದೋಷ ಐತಿ” ಎಂದಳು ಶೈಲಾ.

“ಕುಣೀಲಾರದಾಕಿ ನೆಲಾ ಡೊಂಕ ಅಂದಿದ್ಲಂತ. ಅಕ್ಕಾ, ಇನ್ನೂ ಹೊತ್ತ ಹೋಗಿಲ್ಲ. ಗುತ್ತಿಗೆದಾರ ನಾಳಿನೇ ಬರ್ತಾನ. ನೀ ಮನ್ಯಾಗ ಇರು, ಯಾರ ಬ್ಯಾಡಂದಾರ? ಉಂಡು ತಿಂದು ಆರಾಮ ಇರು.”

‘ಉಂಡು ತಿಂದು’ ಎಂದದ್ದಕ್ಕೆ ಶೈಲಾ ಮುರಿದ ರೊಟ್ಟಿಯನ್ನು ತಾಟಿಗೇ ಹಾಕಿದಳು. ಒಂಬತ್ತು ವರ್ಷ ಅವಳು ಉಂಡು ತಿಂದದ್ದಷ್ಟೇ ಇವರಿಗೆ ಕಂಡಿದೆ. ತಾಟು ಎತ್ತಿಕೊಂಡು ಎದ್ದಳು. “ಎಳ್ಳ ಅಮಾಸಿ ಇನ್ನೂ ದೂರ ಐತಿ” ಎಂದಷ್ಟೇ ಹೇಳಿದಳು.

ಮರುದಿನ ಮಡ್ಡಿಯಲ್ಲಿ ಪೀರಾಂಬಿ ಒಣಗಿದ ಸಜ್ಜೆಯ ಬುಡ ಕೆದರಿ, ಒಂದು ಹಿಡಿ ಗೊಬ್ಬರ ಎತ್ತಿ ಶೈಲಾಳ ಮೂಗಿಗೇ ಹಿಡಿದಳು.

“ಏನ್ ವಾಸನಿ ಬಂತು?”

“ಸೆಗಣಿ ವಾಸನಿ.”

“ಸೆಗಣಿ ವಾಸನಿ ಬಂದ್ರ ಅದು ಗೊಬ್ಬರ ಹೆಂಗ ಆದೀತವ್ವಾ? ತಿಪ್ಪಿ ನೆತ್ತಿ ಕೆರದು ತಂದೀದಿ. ನೆತ್ತಿ ಮ್ಯಾಲಿಂದು ಮೊನ್ನಿ ಮೊನ್ನಿ ಬಿದ್ದ ಹಸೀ ಹೆಂಡಿ. ಅದು ನೆಲದಾಗ ಹೋಗಿ ಕುದೀತೈತಿ, ಬೇರ ಸುಡತೈತಿ, ಗೆದ್ದಲಾ ಕರೀತೈತಿ. ನಿನಗ ತಳಾ ಬೇಕು, ತಳಾ. ಒಂಬತ್ತ ವರ್ಷ ಹೊತ್ತಾಕಿಗಿ ಕೆಳಗ ಏನ ಐತಿ ಅಂತ ಗೊತ್ತಿಲ್ಲೇನ?”

ಶೈಲಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಹಾಕುವುದು ಮಾತ್ರ ಗೊತ್ತಿತ್ತು ಅವಳಿಗೆ. ತೆಗೆಯುವುದನ್ನು ಯಾರು ಕಲಿಸಿದ್ದರು? ಮನೆಗೆ ಬಂದು ತಿಪ್ಪೆಯ ಮಗ್ಗುಲಿಗೆ ಗುದ್ದಲಿ ಹಾಕಿ ಬುಡ ಬಗೆದಳು. ಮೊಣಕಾಲುದ್ದ ಒಳಗೆ ಹೋದ ಮೇಲೆ ಬಣ್ಣ ಬದಲಾಯಿತು. ಕಪ್ಪಗೆ, ಹುರಿಹುರಿಯಾಗಿ, ಚಹದ ಪುಡಿಯಂತೆ ಉದುರುವ ಗೊಬ್ಬರ. ಮೂಗಿಗೆ ಹಿಡಿದರೆ ಮೊದಲ ಮಳೆ ಬಿದ್ದ ನೆಲದ ವಾಸನೆ. ಬೊಗಸೆ ತುಂಬ ಎತ್ತಿಕೊಂಡು ಒಳಗೆ ಹೋಗಿ ತಾಯಿಗೆ ತೋರಿಸಿದಳು. ಗುರುಬಸವ್ವ ಅದನ್ನು ಕುಂಕುಮದಂತೆ ಬೆರಳಿಗೆ ಹತ್ತಿಸಿಕೊಂಡು ನೋಡಿ, “ಮುತ್ತುಗ ತೋರಸಬ್ಯಾಡ” ಎಂದಳು.

ಆಷಾಢದ ಮಳೆಗೆ ಎರಡನೆಯ ಬಿತ್ತನೆ. ಈ ಸಲ ಹೊಲದ ತುಂಬ ಎರಚಲಿಲ್ಲ. ಅಳತೆ ಹಗ್ಗ ಹಿಡಿದು ಮೂರು ಮೂರು ಅಡಿಗೆ ಒಂದು ಗುಣಿ ತೆಗೆದು, ಗುಣಿಗೆ ಎರಡು ಬೊಗಸೆ ಮಾಗಿದ ಗೊಬ್ಬರ, ಅದರ ಮೇಲೆ ಎರಡು ತೊಗರಿ ಕಾಳು. ಗುಣಿಗಳ ನಡುವೆ ಹುರುಳಿ. ಅಷ್ಟರಲ್ಲಿ ಗುತ್ತಿಗೆದಾರನ ಆಳುಗಳು ಬಂದು, ಸಿಕ್ಕೇ ಸಿಗುತ್ತದೆಂಬ ಧೈರ್ಯಕ್ಕೆ ಮಡ್ಡಿಯ ನಡುವೆ ಸುಣ್ಣದ ಗೆರೆ ಎಳೆದು ಹೋಗಿದ್ದರು. ಶೈಲಾ ಆ ಗೆರೆಯ ಮೇಲೆಯೇ ಒಂದು ಸಾಲು ಗುಣಿ ತೆಗೆದಳು. ಹಾರೆ ಠಣ್ಣೆಂದಿತು, ಅಂಗೈ ಬೊಬ್ಬೆ ಒಡೆಯಿತು. ಬೊಬ್ಬೆಗೆ ಅರಿಶಿನ ಹಚ್ಚಿಕೊಂಡು ಮತ್ತೆ ಹಾಕಿದಳು.

ಮುತ್ತುವಿನ ಮಗಳು ಸೌಭಾಗ್ಯ ವಿಜಯಪುರದಲ್ಲಿ ಡಿಗ್ರಿ ಓದುತ್ತಿದ್ದಳು, ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಕಾಲೇಜಿನ ಪ್ರಾಜೆಕ್ಟಿಗೆಂದು ಎರಡು ಹೊಲದ ಮಣ್ಣು ಬೇಕಿತ್ತು. ಅಪ್ಪನ ದ್ರಾಕ್ಷಿ ತೋಟದ್ದೊಂದು ಚೀಲ, ಅತ್ತೆಯ ಗುಣಿಯದ್ದೊಂದು ಚೀಲ ಕಟ್ಟಿಕೊಂಡು ಹೋದಳು.

ಶ್ರಾವಣದಲ್ಲಿ ಇಪ್ಪತ್ತಾರು ದಿನ ಮಳೆ ಕೈಕೊಟ್ಟಿತು. ಸುತ್ತಲಿನ ಮಡ್ಡಿಯ ಪೀಕೆಲ್ಲ ಮಧ್ಯಾಹ್ನವಾದರೆ ತಲೆ ಬಾಗಿಸುತ್ತಿತ್ತು. ಶೈಲಾಳ ತೊಗರಿಯೂ ಬಾಗಿಸಿತು, ಆದರೆ ಸಂಜೆಯ ತಂಪಿಗೆ ಮತ್ತೆ ಎದ್ದು ನಿಂತಿತು. ಬುಡ ಕೆದರಿ ನೋಡಿದರೆ ಗುಣಿಯಲ್ಲಿ ಇನ್ನೂ ಹಸಿ ಇತ್ತು. ಅವತ್ತು ಪೀರಾಂಬಿ ಏನೂ ಮಾತಾಡಲಿಲ್ಲ, ಅದು ದೊಡ್ಡ ಸುದ್ದಿಯೇ ಆಯಿತು.

ಮಣ್ಣಿನ ವರದಿ ಬಂದದ್ದು ಮಹಾನವಮಿಗೆ ಹತ್ತು ದಿನ ಮುಂಚೆ. ಸೌಭಾಗ್ಯ ಊಟದ ಹೊತ್ತಿಗೆ ಕಾಗದ ತೆಗೆದಳು.

“ಅಪ್ಪಾ, ನಿನ್ನ ತ್ವಾಟದ ಮಣ್ಣಾಗ ಉಪ್ಪು ಏರೈತಿ. ಸಾವಯವ ಇಂಗಾಲ ಅಂತೂ ತಳಾ ಹತ್ತೈತಿ.”

“ಅದೇನದು ಇಂಗಾಲ? ಕನ್ನಡದಾಗ ಹೇಳು.”

“ಕನ್ನಡಾನ ಅದು! ಕೊಳತ ಸೊಪ್ಪು, ಸೆಗಣಿ, ಬೇರಿನಿಂದ ಮಣ್ಣಿಗಿ ಬರೂ ಸತ್ವ. ಅದಿದ್ರ ಮಣ್ಣು ನೀರ ಹಿಡೀತೈತಿ, ಹುಳಾ ಹುಪ್ಪಡಿ ಬದಕತಾವು. ಇಲ್ಲಂದ್ರ ನೀ ಎಷ್ಟ ಚೀಲ ಸುರದ್ರೂ ಬಳ್ಳಿಗಿ ಮುಟ್ಟೂದಿಲ್ಲ. ನೀರ ಬಿಟ್ರ ಮ್ಯಾಲೇ ನಿಲ್ಲತೈತಲ್ಲ, ಅದಕ್ಕ.”

ಮುತ್ತು ಮುಖ ಗಂಟಿಕ್ಕಿದ. ಎರಡು ವರ್ಷದಿಂದ ಬಳ್ಳಿಯ ಎಲೆಯಂಚು ಸುಟ್ಟಂತೆ ಒಣಗುತ್ತಿದ್ದದ್ದು ಅವನಿಗೊಬ್ಬನಿಗೇ ಗೊತ್ತಿತ್ತು. “ಹಂಗಾರ ಆ ಮಡ್ಡಿ ನನ್ನ ಎರಿಗಿಂತ ಚಲೋ ಏನ?”

“ಚಲೋ ಏನಲ್ಲಪ್ಪ. ಮಡ್ಡಿ ಇನ್ನೂ ಬಡವೀನ. ಆದ್ರ ಗುಣ್ಯಾಗಿಂದು ಉಣ್ಣಾಕತ್ತೈತಿ. ಎರಿಹುಳಾ ಸಿಕ್ಕಾವು ಅದರಾಗ. ನಿನ್ನ ಎರಿ ಉಪವಾಸ ಐತಿ.”

“ಉಪ್ಪು ತಿಂದದ್ದು ನೀರು ಕುಡೀಲೇಬೇಕಲ್ಲ” ಎಂದು ಗುರುಬಸವ್ವ ಯಾರಿಗೋ ಎಂಬಂತೆ ಹೇಳಿ, ಮಗನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ದ್ರಾಕ್ಷಿಯ ಚಾಟ್ನಿ ಹತ್ತಿರ ಬಂದಿತ್ತು. ಚಾಟ್ನಿಯಲ್ಲಿ ಬಳ್ಳಿಯ ಕಡ್ಡಿ ಕತ್ತರಿಸುವ ಮೊದಲು ಬುಡಕ್ಕೆ ಗೊಬ್ಬರ ಬೀಳಬೇಕು. ಮುತ್ತು ನಾಲ್ಕು ಊರು ತಿರುಗಿದ. ಮಾಗಿದ ತಿಪ್ಪೆಗೊಬ್ಬರ ಇದ್ದವರು ಕೊಡಲೊಲ್ಲರು, ಕೊಡುವವರ ಹತ್ತಿರ ಹಸಿಯದು. ನಾಲ್ಕೂರು ತಿರುಗಿ ಬಂದವನ ಕಣ್ಣು ಕೊನೆಗೆ ತನ್ನ ಹಿತ್ತಲ ಮೇಲೆಯೇ ಬಿತ್ತು. ಒಂದು ಬೆಳಿಗ್ಗೆ ಎಮ್ಮೆ ಹಿಂಡುತ್ತಿದ್ದ ಶೈಲಾಳಿಗೆ ಜೆಸಿಬಿಯ ಗುಡುಗು ಕೇಳಿತು. ಹಿಂದೆ ಎರಡು ಟ್ರ್ಯಾಕ್ಟರು. ಹಿತ್ತಲ ಗೋಡೆಯನ್ನು ಆಗಲೇ ಒಂದು ಕಡೆ ಕೆಡವಿದ್ದರು.

ಶೈಲಾ ಹಾಲಿನ ಚರಿಗೆ ಕೆಳಗಿಟ್ಟು ತಿಪ್ಪೆ ಹತ್ತಿ ಕುಳಿತಳು.

“ಇಳಿಬೇ ಕೆಳಗ” ಎಂದ ಮುತ್ತು.

“ಇಳಿಯೂದಿಲ್ಲ. ಕಾಗದ ತಗದು ನೋಡು. ಹಿತ್ತಲದಾಗಿನ ಸಮಸ್ತ ಕಸಾ ನಂದು.”

“ಕಸಾ ನಿಂದ, ಯಾರ ಇಲ್ಲಂದಾರ? ಇದು ಕಸಾ ಅಲ್ಲ, ಗೊಬ್ಬರ. ಗೊಬ್ಬರ ಅಂತ ಕಾಗದದಾಗ ಎಲ್ಲಿ ಬರದೈತಿ, ತೋರಸು.”

ಶೈಲಾ ಎದ್ದು ನಿಂತಳು. ಅಷ್ಟು ವರ್ಷದ ಸಿಟ್ಟು ಒಮ್ಮೆಲೇ ನಾಲಿಗೆಗೆ ಬಂತು. “ನಾ ತಲಿ ಮ್ಯಾಲ ಹೊರೂತನಕ ಕಸಾ ಇತ್ತು. ನಿನ್ನ ತ್ವಾಟಕ್ಕ ಬೇಕಾದ ಕೂಡಲೇ ಗೊಬ್ಬರ ಆತೇನ? ಹೊತ್ತಾಕಿ ಹೆಸರಿಗಿ ಕಸಾ, ಬಳಸಾವನ ಹೆಸರಿಗಿ ಗೊಬ್ಬರ, ಹೌದಲ್ಲ? ನಡಸು ನಿನ್ನ ಮಶೀನ. ನನ್ನ ಸೈತ ಹೇರು ಟ್ರ್ಯಾಕ್ಟರಿಗಿ!”

ಜೆಸಿಬಿಯವನು ಎಂಜಿನ್ ಬಂದ್ ಮಾಡಿ ಬೀಡಿ ಹಚ್ಚಿದ. ಓಣಿಯ ಗೋಡೆಯ ಮೇಲೆಲ್ಲ ತಲೆಗಳು ಕಾಣಿಸಿದವು. ಮುತ್ತು ಕಟ್ಟೆಯ ಮೇಲಿದ್ದ ತಂದೆಯ ಕಡೆ ತಿರುಗಿದ. “ಯಪ್ಪಾ, ನೀನರ ಹೇಳು. ಚಾಷ್ಟಿ ಮಾಡಿ ಅಂದ ಮಾತದು.”

ಅಮರಪ್ಪ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡ. “ಬರಸೂಮುಂದ ನಕ್ಕೀಯಪ್ಪಾ. ಈಗ ಅಳಬ್ಯಾಡ” ಎಂದ.

ಜೆಸಿಬಿ ತಿರುಗಿ ಹೋಯಿತು. ಆದರೂ ಶೈಲಾ ಇಳಿಯಲಿಲ್ಲ; ಕೆಳಗೆ ಇಳಿದರೆ ಮತ್ತೆ ಬಂದಾರು ಎಂದು ಬಿಸಿಲು ನೆತ್ತಿಗೇರುವವರೆಗೆ ಅಲ್ಲೇ ಕೂತಳು. ಮಧ್ಯಾಹ್ನ ರೊಟ್ಟಿ, ಝುಣಕದ ಬುತ್ತಿ ಹಿಡಿದು ತಿಪ್ಪೆ ಹತ್ತಿ ಬಂದವಳು ಗುರುಬಸವ್ವನಲ್ಲ, ರಾಜೇಶ್ವರಿ. ಬುತ್ತಿ ಕುಕ್ಕಿ, ತಾನೂ ಪಕ್ಕದಲ್ಲಿ ಕೂತಳು.

“ಇದರಾಗ ಒಂಬತ್ತ ವರ್ಷದ ನನ್ನ ಒಲಿ ಬೂದಿನೂ ಐತಿ” ಎಂದಳು. “ನಿನ್ನ ಹೆಸರಾದ್ರೂ ಒಂದ ಕಾಗದದಾಗ ಬಂತು. ನನ್ನ ಹೆಸರು ರೇಷನ್ ಕಾರ್ಡ ಬಿಟ್ರ ಎಲ್ಲೂ ಇಲ್ಲ.”

ಶೈಲಾ ರೊಟ್ಟಿ ಮುರಿದು ಅರ್ಧ ಅವಳಿಗೆ ಕೊಟ್ಟಳು. “ಅವತ್ತ ನೀನೂ ನಕ್ಕಿದ್ದಿ.”

“ನಕ್ಕಿದ್ದೆ” ಎಂದು ಒಪ್ಪಿಕೊಂಡು ರಾಜೇಶ್ವರಿ ರೊಟ್ಟಿ ತಿಂದಳು.

ಎಳ್ಳ ಅಮಾವಾಸ್ಯೆ ಬಂತು. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಲೆ, ಕಡಬು ಎಲ್ಲ ಬುಟ್ಟಿಗೆ ತುಂಬಿತು. ಆ ದಿನ ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲಬೇಕು, ಅವಳು ಉಂಡ ಮೇಲೆ ಮನೆಯವರು ಉಣ್ಣಬೇಕು. ಅಮರಪ್ಪನ ಮನೆತನದಲ್ಲಿ ಚರಗ ಯಾವಾಗಲೂ ಎರೆಭೂಮಿಗೆ. ಅದೂ ಗಂಡಸರ ಕೈಯಿಂದ. ಮಡ್ಡಿಗೆ ಯಾರೂ ಒಂದು ಅಗುಳು ಚೆಲ್ಲಿದ್ದಿಲ್ಲ. ಏನೂ ಕೊಡದ ನೆಲಕ್ಕೆ ಏನು ಕೊಡುವುದು ಎಂದು ಅಮರಪ್ಪನ ಅಪ್ಪನೂ ಅನ್ನುತ್ತಿದ್ದನಂತೆ.

ಎತ್ತಿನ ಬಂಡಿ ದ್ರಾಕ್ಷಿ ತೋಟದ ದಾರಿಗೆ ತಿರುಗುವಾಗ ಶೈಲಾ ಇಳಿದು, ಚರಗದ ಪಾತ್ರೆಯನ್ನೇ ಎತ್ತಿಕೊಂಡು ಬಬಲೇಶ್ವರ ರಸ್ತೆ ಹಿಡಿದಳು.

“ಎಲ್ಲಿ ಹೊಂಟೀಬೇ ಅದನ್ನ ತಗೊಂಡು?” ಮುತ್ತು ಕೂಗಿದ. “ಮಡ್ಡಿಗಿ ಯಾರರ ಚರಗಾ ಚೆಲ್ಲತಾರೇನ?”

“ಉಣ್ಣಾಕ ಹಾಕದ ದುಡಸಿಕೊಂಡಿದ್ದು ಸಾಕು” ಎಂದು ಅವಳು ತಿರುಗಿ ನೋಡದೆ ಹೇಳಿದಳು.

ಹಿಂದೆ ಗುರುಬಸವ್ವ ಇಳಿದಳು. ಆಮೇಲೆ ಸೌಭಾಗ್ಯ, ಬುತ್ತಿಯ ಬುಟ್ಟಿ ಹೊತ್ತು ರಾಜೇಶ್ವರಿ. ಕೊನೆಗೆ ಅಮರಪ್ಪ, “ಬುತ್ತಿ ಅವರ ಕಡೆ ಹೊಂಟೈತಿ, ನಾವಿಬ್ಬರ ಅಲ್ಲಿ ಏನ ಉಣ್ಣೂದು?” ಎಂದು ಎತ್ತು ತಿರುಗಿಸಿದ.

ಮಡ್ಡಿಯಲ್ಲಿ ತೊಗರಿ ಎದೆಯುದ್ದ ನಿಂತಿತ್ತು. ಎರೆಭೂಮಿಯ ತೊಗರಿಯಷ್ಟು ದಟ್ಟವಲ್ಲ. ಅಲ್ಲಲ್ಲಿ ಬಕ್ಕ, ಸುಣ್ಣದ ಗೆರೆಯ ಮೇಲಿನ ಸಾಲು ಕುಳ್ಳು. ಆದರೆ ಕಾಯಿ ಹಿಡಿದಿತ್ತು. ಶೈಲಾ ಹೊಲದ ನಾಲ್ಕೂ ಮೂಲೆಗೆ ನಡೆದು ಕಡಬು, ರೊಟ್ಟಿ, ಪಲ್ಲೆ ಕಲಸಿದ್ದನ್ನು ಬೊಗಸೆ ಬೊಗಸೆಯಾಗಿ ಎರಚಿದಳು. “ಹುಲ್ಲುಲ್ಲಿಗೋ!” ಎಂದು ಅವಳು ಚರಗದ ಕೂಗು ಹಾಕಿದ್ದು ಪಕ್ಕದ ಹೊಲದ ಪೀರಾಂಬಿಗೂ ಕೇಳಿತು. ಹೆಣ್ಣುಮಗಳ ಗಂಟಲಲ್ಲಿ ಆ ಕೂಗು ಆ ಮನೆಯವರು ಕೇಳಿದ್ದು ಅದೇ ಮೊದಲು. ಭೂಮಿಯೇನೂ ಬಾಯಿಬಿಡಲಿಲ್ಲ, ಆಕಾಶವೂ ಬೀಳಲಿಲ್ಲ.

ಊಟವಾದ ಮೇಲೆ ಮುತ್ತು ಸಾಲುಗಳ ನಡುವೆ ಒಬ್ಬನೇ ಅಡ್ಡಾಡಿದ. ಒಂದು ಗುಣಿಯ ಬುಡಕ್ಕೆ ಹಿಮ್ಮಡಿ ಒತ್ತಿ ನೋಡಿದ. ಹಿಮ್ಮಡಿ ಇಳಿಯಿತು. ಬಂದು ಅಕ್ಕನ ಎದುರಿಗೆ ಕೂತು, ಹುಲ್ಲುಕಡ್ಡಿ ಮುರಿಯುತ್ತ, “ಪೀಕು ನಿಂತೈತಿ. ಮಡ್ಡಿ ನಿಂದ” ಎಂದ. ಕಡ್ಡಿ ಬಿಸಾಡಿ, “ಏಪ್ರಿಲ್ ಚಾಟ್ನಿಗಿ ನಾಕ ಬಂಡಿ ಗೊಬ್ಬರ ಕೊಡು” ಎಂದ.

“ನನ್ನ ಹತ್ರ ಗೊಬ್ಬರ ಇಲ್ಲ” ಎಂದಳು ಶೈಲಾ. “ಕಾಗದದಾಗ ಏನ ಬರಿಸೀದಿ ಅದ ಐತಿ. ಅದನ್ನ ಕೇಳು.”

ಸೌಭಾಗ್ಯ ನಗು ತಡೆಯಲು ಕಡಬು ಬಾಯಿಗೆ ತುರುಕಿಕೊಂಡಳು. ಮುತ್ತುವಿನ ಕಿವಿ ಕೆಂಪಾಯಿತು.

“ಕಸಾ ಕೊಡು ಅಕ್ಕಾ.”

“ಕೊಡತೇನಿ. ಜೆಸಿಬಿ ಬ್ಯಾಡ. ಅದಕ್ಕ ಹಸೀದು ಯಾವದು, ಮಾಗಿದ್ದು ಯಾವದು ತಿಳಿಯೂದಿಲ್ಲ, ಎಲ್ಲಾ ಕಲಸತೈತಿ. ಬುಟ್ಟೀಲೆ ತಗೀಬೇಕು. ತಲಿ ಮ್ಯಾಲ ಹೊತ್ತು ಬಂಡಿಗಿ ಹಾಕಬೇಕು. ನೀನ ಹಾಕಬೇಕು, ಆಳ ಹಚ್ಚೂದಿಲ್ಲ. ಮತ್ತ ಚಾಟ್ನಿ ಕಡ್ಡಿಗಿ ಬೆಂಕಿ ಇಡಬ್ಯಾಡ, ಹಿತ್ತಲಕ್ಕ ತಂದು ಹಾಕು.”

ಯುಗಾದಿ ಮುಗಿದ ಮೂರನೆಯ ದಿನ ಓಣಿಯವರಿಗೆಲ್ಲ ಪುಕ್ಕಟೆ ನೋಟ. ದ್ರಾಕ್ಷಿ ತೋಟದ ಧಣಿ ಮುತ್ತು ತಲೆಯ ಮೇಲೆ ಅಕ್ಕನ ಹಳೆಯ ಸೀರೆಯ ಸಿಂಬಿ ಇಟ್ಟುಕೊಂಡು ತಿಪ್ಪೆಗೆ ಸಲಿಕೆ ಹಾಕಿದ. ರಾಜೇಶ್ವರಿ ಅಡುಗೆಮನೆಯ ಬಾಗಿಲಲ್ಲಿ ಬೂದಿಯ ಮೊರ ಹಿಡಿದು ನಿಂತಿದ್ದಳು, ಈ ಸಲ ಸೆರಗು ಬಾಯಿಗಿಡದೆ ನಕ್ಕಳು. ಮುತ್ತು ಮೊದಲ ಬುಟ್ಟಿ ಹೊತ್ತು ಬಂಡಿಯ ಹತ್ತಿರ ಬಂದ. ಶೈಲಾ ಬುಟ್ಟಿಯಿಂದ ಒಂದು ಹಿಡಿ ತೆಗೆದು ಮೂಗಿಗೆ ಹಿಡಿದಳು.

“ಇದು ನೆತ್ತಿ ಮ್ಯಾಲಿಂದು, ಹಸೀದು. ತಿರುಗಿ ಹಾಕಿ ಬಾ. ತಳಾ ತಗಿ.”

ಮುತ್ತು ಬುಟ್ಟಿ ಹೊತ್ತುಕೊಂಡು ತಿರುಗಿ ನಡೆದ.